ಜನರೇಟರಿನ ಹುಣಸೆ ಬೀಜ

ಕಪಿಲೆಯ ದಂಡೆಯಲ್ಲಿ ಅಡವಯ್ಯನವರ ಆಶ್ರಮ. ಅಲ್ಲಿ ಜಪಕ್ಕೆ ಕೂತವರ ಕೈಯಲ್ಲಿ ಮಣಿಮಾಲೆ ಇರುವುದಿಲ್ಲ. ಎಷ್ಟು ಜಪವಾಯಿತು ಎಂದು ಎಣಿಸಕೂಡದು, ಅದು ಗುರುಗಳ ಕಟ್ಟಳೆ. ಯಾರು ಎಷ್ಟು ಮೂಟೆ ಅಕ್ಕಿ ಕೊಟ್ಟರು ಎಂದು ಗೋಡೆಯ ಮೇಲೆ ಹೆಸರು ಬರೆಸುವುದೂ ಇಲ್ಲ.

ಅಂಥ ಕಡೆಯೂ ಒಂದು ಎಣಿಕೆ ಬಂದು ಸೇರಿಕೊಂಡಿತು. ಅದು ಜನರೇಟರಿನದು.

ಅದನ್ನು ತಂದುಕೊಟ್ಟ ಮೆಕ್ಯಾನಿಕ್ ಇನಾಯತ್ ಹೋಗುವ ಮುಂಚೆ ಹೇಳಿದ್ದ: "ತಿಂಗಳು ನೋಡ್ಕೊಂಡು ಸರ್ವಿಸ್ ಮಾಡೋ ಮೆಷಿನ್ ಅಲ್ಲ ಇದು. ಎಷ್ಟು ಗಂಟೆ ಓಡ್ತು ಅಂತ ನೋಡ್ಬೇಕು. ನೂರು ಗಂಟೆಗೊಂದ್ಸಲ ಆಯಿಲ್ ಬದಲಾಯಿಸಿ. ಗಂಟೆ ತೋರ್ಸೋ ಮೀಟರ್ ಇದಕ್ಕಿಲ್ಲ. ಲೆಕ್ಕ ನೀವೇ ಇಡ್ಬೇಕು."

"ಬುದ್ಧಿ, ಆ ಕೆಲಸ ನನಗೆ ಬಿಡಿ" ಎಂದು ಶಿಷ್ಯ ಭೃಂಗೀಶ ಗುರುಗಳಿಗೆ ಹೇಳಿದ. "ಒಂದು ಸಲಾನೂ ತಪ್ಪಲ್ಲ."

ಅಡುಗೆಮನೆಯಿಂದ ಒಂದು ಡಬ್ಬಿ ತಂದ, ಹುಣಸೆ ಬೀಜ ತಂದ. ಇನಾಯತ್ ನೂರು ಬೀಜ ಎಣಿಸಿ ಹಾಕಿ, ಅವು ಬಂದು ನಿಂತ ಮಟ್ಟಕ್ಕೆ ಡಬ್ಬಿಯ ಮೇಲೆ ಗೆರೆ ಎಳೆದು, ಬೀಜಗಳನ್ನು ಮತ್ತೆ ಹೊರಗೆ ಸುರಿದ. ಓಡಿದ ಗಂಟೆಗೆ ಒಂದು ಬೀಜ ಹಾಕುವುದು. ಬೀಜ ಗೆರೆ ಮುಟ್ಟಿದರೆ ಸರ್ವಿಸ್. ಹೊಸ ಆಯಿಲ್ ಕ್ಯಾನನ್ನೂ ಇಟ್ಟು ಹೋದ.

ಜನರೇಟರ್ ಬಂದದ್ದು ಪುಟ್ಟಮಾದಮ್ಮನಿಗಾಗಿ. ಆಶ್ರಮಕ್ಕೆ ಗ್ಯಾಸ್ ಒಲೆ ಬರುವ ತನಕ ಎಲ್ಲರಿಗೂ ಸೌದೆ ಒಲೆಯಲ್ಲಿ ಬೇಯಿಸಿ ಹಾಕಿದಾಕೆ. ಹೊಗೆ ಕುಡಿದೂ ಕುಡಿದೂ ಎದೆ ಸವೆದಿದೆ ಎಂದಿದ್ದರು ಡಾಕ್ಟರು. ಈಗ ಆಕ್ಸಿಜನ್ ಮೆಷಿನ್ ಇಲ್ಲದೆ ಆಕೆಗೆ ಉಸಿರಿಲ್ಲ, ಕರೆಂಟ್ ಇಲ್ಲದೆ ಆ ಮೆಷಿನ್ ಇಲ್ಲ.

ಆ ಆಷಾಢದ ಗಾಳಿಗೆ ಕರೆಂಟ್ ಕಂಬಗಳು ಮಲಗಿದವು. ಜನರೇಟರ್ ಹಗಲೂ ರಾತ್ರಿ ಗುಡುಗುಟ್ಟಿತು. ಒಂದು ಮಧ್ಯಾಹ್ನ ತಾನಾಗಿಯೇ ನಿಂತಿತು.

ಭೃಂಗೀಶ ಓಡಿಹೋಗಿ, ತುರ್ತಿಗೆಂದು ಇಟ್ಟಿದ್ದ ಪುಟ್ಟ ಆಕ್ಸಿಜನ್ ಸಿಲಿಂಡರಿನ ಕೊಳವೆಯನ್ನು ಪುಟ್ಟಮಾದಮ್ಮನ ಮೂಗಿಗೆ ಇಟ್ಟ. ಅದು ಬಹಳ ಅಂದರೆ ಒಂದು ಗಂಟೆಗೆ ಸಾಕು. ಮತ್ತೆ ಅಂಗಳಕ್ಕೆ ಓಡಿಬಂದು ಜನರೇಟರಿಗೆ ಪೆಟ್ರೋಲ್ ತುಂಬಿಸಿದ, ಹಗ್ಗ ಎಳೆದ. ಇನ್ನೊಮ್ಮೆ ಎಳೆದ. ಅಂಗೈ ಸುಲಿದುಹೋಯಿತು, ಮೆಷಿನ್ ಮಿಸುಕಲಿಲ್ಲ.

ಅಡವಯ್ಯನವರು ಬಂದರು. "ಆಯಿಲ್ ನೋಡಿದೆಯಾ?"

"ಬೀಜ ಇನ್ನೂ ಗೆರೆ ಮುಟ್ಟಿಲ್ಲ ಬುದ್ಧಿ."

"ಬೀಜ ಕೇಳ್ಲಿಲ್ಲ. ಆಯಿಲ್ ಕೇಳ್ದೆ."

ಭೃಂಗೀಶ ಮುಚ್ಚಳ ತಿರುಗಿಸಿ ಅಳತೆಕಡ್ಡಿ ಹೊರಗೆಳೆದ. ತುದಿಗೆ ಒಂದಿಷ್ಟು ಅಂಟಿತ್ತು, ಒಲೆಯ ಮಸಿಯ ಹಾಗೆ ಕಪ್ಪಗೆ. ಉಳಿದ ಕಡ್ಡಿಯೆಲ್ಲ ಒಣಗಿತ್ತು.

"ಆಯಿಲ್ ಸಾಲದಿದ್ರೆ ಅದೇ ನಿಂತ್ಕೊಳ್ಳುತ್ತೆ ಅಂತ ಇನಾಯತ್ ಹೇಳಿರ್ಲಿಲ್ವಾ?" ಎಂದರು ಗುರುಗಳು. "ನಿಂತಿದ್ದೇ ಪುಣ್ಯ, ಇಲ್ದಿದ್ರೆ ಸುಟ್ಟು ಕೂರ್ತಿತ್ತು. ಈಗ ಹೇಳು. ಡಬ್ಬಿಗೆ ಯಾವ ಗಂಟೆ ಹಾಕಿಲ್ಲ?"

ಭೃಂಗೀಶ ಕಡ್ಡಿಯನ್ನು ಕೆಳಗಿಟ್ಟ. "ಬರೀ ಅವ್ವನ ಆಕ್ಸಿಜನ್ನಿಗೆ ಓಡಿದ್ದಕ್ಕೆಲ್ಲ ಹಾಕಿದೀನಿ. ಅಡುಗೆಮನೆ ಮಿಕ್ಸಿಗೆ ಓಡಿದ್ದಕ್ಕೂ ಹಾಕಿದೀನಿ. ಪೂಜೆ, ಭಜನೆ ಹೊತ್ತಲ್ಲಿ ಓಡಿದ್ದಕ್ಕೆ... ಹಾಕಿಲ್ಲ."

ಆ ಊರಲ್ಲಿ ಸಂಜೆ ಕರೆಂಟ್ ಇರುತ್ತಿದ್ದದ್ದೇ ಅಪರೂಪ. ದೇವರಿಗೆ ದೀಪ, ಭಜನೆಗೆ ಮೈಕು, ಎಲ್ಲ ನಡೆಯುತ್ತಿದ್ದದ್ದು ಜನರೇಟರಿನಲ್ಲೇ.

"ಯಾಕೆ ಹಾಕಿಲ್ಲ?"

ಶಿಷ್ಯ ಬಾಯಿ ತೆರೆದ. ಗುರುಗಳು ಕೈ ಅಡ್ಡ ಹಿಡಿದರು. "ಈಗ ಬೇಡ. ಒಳಗೆ ಸಿಲಿಂಡರ್ ಮುಳ್ಳು ಇಳೀತಿದೆ. ಸ್ಪ್ಯಾನರ್ ತಾ."

ಆಯಿಲ್ ಇಳಿಸುವ ಬೋಲ್ಟ್ ಕಚ್ಚಿಕೊಂಡಿತ್ತು. ಸ್ಪ್ಯಾನರ್ ಜಾರಿ ಭೃಂಗೀಶನ ಗೆಣ್ಣು ಕಿತ್ತುಬಂತು. ಅವನು ಮತ್ತೆ ಹಾಕಿ ತಿರುಗಿಸಿದ. ಬೋಲ್ಟ್ ಸಡಿಲವಾಯಿತು. ಗುರುಗಳು ಮೆಷಿನ್ನನ್ನು ತೊಡೆಗಾನಿಸಿ ವಾಲಿಸಿಕೊಂಡು ಕೂತರು. ಕಪ್ಪು ಆಯಿಲ್ ಅವರ ಮಡಿಲ ಮೇಲೂ ಹರಿಯಿತು.

"ಬುದ್ಧಿ, ನಿಮ್ಮ ಕಾವಿ!"

"ಆಯಿಲ್ ಬೀಳೋ ಬೋಗುಣಿ ನೆಟ್ಟಗೆ ಹಿಡಿ, ಕಾವಿ ನೋಡ್ಬೇಡ."

ಧಾರೆ ಸಣ್ಣಗಾಗಿ ತೊಟ್ಟಿಕ್ಕತೊಡಗಿತು. ಭೃಂಗೀಶ ಬೋಲ್ಟ್ ಮುಚ್ಚಲು ಹೋದ. ಗುರುಗಳು ಅವನ ಮಣಿಕಟ್ಟು ಹಿಡಿದರು. "ಪೂರ್ತಿ ಇಳೀಲಿ."

"ಹೊತ್ತಾಗ್ತಿದೆ ಬುದ್ಧಿ!"

"ಅರ್ಧ ಮಾಡಿದ್ರೆ ಇನ್ನೊಂದು ಸಲ ನಿಲ್ಲುತ್ತೆ. ಆಗ ಸಿಲಿಂಡರೂ ಇರಲ್ಲ."

ಕಾದರು. ಆ ಹನಿಗಳನ್ನು ನೋಡುತ್ತ ಕೂತಷ್ಟು ಕಷ್ಟದ ಧ್ಯಾನವನ್ನು ಭೃಂಗೀಶ ಆಶ್ರಮದಲ್ಲಿ ಅದುವರೆಗೆ ಮಾಡಿರಲಿಲ್ಲ.

ಹನಿ ನಿಂತ ಮೇಲೆ ಬೋಲ್ಟ್ ಬಿಗಿ ಮಾಡಿದ. ಹೊಸ ಆಯಿಲ್ ಹೊಯ್ದ, ಕಡ್ಡಿ ಇಳಿಸಿ ಮಟ್ಟ ನೋಡಿದ. ಹಗ್ಗ ಎಳೆದ. ಮೆಷಿನ್ ಕೆಮ್ಮಿ ಸುಮ್ಮನಾಯಿತು.

ಕಿಟಕಿಯಿಂದ ಪುಟ್ಟಮಾದಮ್ಮನ ಉಸಿರಿನ ಸದ್ದು ಕೇಳಿಸುತ್ತಿತ್ತು. ಸಣ್ಣದು, ಅವಸರದ್ದು. ಭೃಂಗೀಶನಿಗೆ ಅಳು ಬಂತು. ಅಳುತ್ತಲೇ ಹಗ್ಗವನ್ನು ಕೈಗೆ ಸುತ್ತಿಕೊಂಡ.

"ಇನ್ನೊಂದ್ಸಲ" ಎಂದರು ಗುರುಗಳು.

ಮೆಷಿನ್ನಿಗೆ ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದ. ಅದು ಹತ್ತಿಕೊಂಡಿತು.

ಇಬ್ಬರೂ ಒಳಗೆ ಓಡಿದರು. ಆಕ್ಸಿಜನ್ ಮೆಷಿನ್ನಿನ ಹಸಿರು ದೀಪ ಉರಿಯುತ್ತಿತ್ತು. ಭೃಂಗೀಶ ಕೊಳವೆ ಬದಲಾಯಿಸಿದ. ಸ್ವಲ್ಪ ಹೊತ್ತಿಗೆ ಪುಟ್ಟಮಾದಮ್ಮನ ತುಟಿಯ ನೀಲಿ ಇಳಿಯಿತು. ಆಕೆ ಕಣ್ಣು ಬಿಟ್ಟು ಇಬ್ಬರನ್ನೂ ನೋಡಿದಳು.

"ಇದ್ಯಾಕಪ್ಪಾ... ಇಬ್ಬರೂ ನನ್ನ ಒಲೆಯೊಳಗಿಂದ ಎದ್ದು ಬಂದಂಗಿದ್ದೀರಿ?"

ಭೃಂಗೀಶ ನಕ್ಕುಬಿಟ್ಟ. ಆ ನಗುವಿನ ಜೊತೆಗೇ ತಡೆಹಿಡಿದಿದ್ದ ಮಾತೂ ಹೊರಬಂತು.

"ಬುದ್ಧಿ, ನಾನು ಮೈಗಳ್ಳತನಕ್ಕೆ ಬಿಟ್ಟಿದ್ದಲ್ಲ. ದೇವರ ಸೇವೆಗೆ ಓಡಿದ ಗಂಟೇನ ಎಣಿಸಿದ್ರೆ ಪಾಪ ಅಂದ್ಕೊಂಡೆ. ಜಪಾನೇ ಎಣಿಸಬಾರದು, ಕೊಟ್ಟ ಅಕ್ಕೀನೇ ಎಣಿಸಬಾರದು ಅಂತ ಕಲಿಸಿದೋರು ನೀವೇ ಅಲ್ವಾ?"

ಅಡವಯ್ಯನವರು ಪುಟ್ಟಮಾದಮ್ಮನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರು. ಏರಿಳಿಯುತ್ತಿದ್ದ ಆಕೆಯ ಎದೆಯನ್ನು ನೋಡಿದರು.

"ಕೊಟ್ಟಿದ್ದನ್ನ ಎಣಿಸಬೇಡ ಅಂದೆ ಕಣಪ್ಪ. ತಗೊಂಡಿದ್ದನ್ನ ಎಣಿಸಬೇಡ ಅಂದೆನಾ?"