ಗ್ರೀಸ್ ಡಬ್ಬಕ್ಕೊಂದು ಹೆಸರು

"ಬುದ್ಧೀ, ಮನುಷ್ಯ ತಾನು ಮಾಡಿದ ವಸ್ತುವಿಗೆ ಯಾರ ಹೆಸರಿಡಬೇಕು?" ಎಂದು ಮಲ್ಲಾರಾಧ್ಯ ಕೇಳಿದ.

ನಂಜಯ್ಯಸ್ವಾಮಿಗಳು ಕಣ್ಣು ತೆರೆದರು. ಮಧ್ಯಾಹ್ನದ ಪ್ರಸಾದ ಮುಗಿಸಿ ಮಠದ ಜಗಲಿಯ ಗೋಡೆಗೆ ಒರಗಿ ಕೂತಿದ್ದ ಹೊತ್ತು ಅದು. ಆ ಹೊತ್ತಿನಲ್ಲಿ ಯಾರಾದರೂ ಮೋಕ್ಷದ ಮಾತೆತ್ತಿದರೂ ಅವರು "ಸಂಜೆ ನೋಡೋಣ" ಎಂದುಬಿಡುವುದು ವಾಡಿಕೆ. ಆದರೆ ಈ ಪ್ರಶ್ನೆ ಹೊಸದು.

"ಏನು ಮಾಡಿದ್ದೀಯಪ್ಪ?"

"ಗ್ರೀಸು, ಬುದ್ಧೀ."

"ಗ್ರೀಸಿಗೆ ಗ್ರೀಸು ಅಂತಲೇ ಹೆಸರಿದೆಯಲ್ಲ."

"ಅದು ಜಾತಿಯ ಹೆಸರು ಬುದ್ಧೀ. ನಾನು ಕೇಳ್ತಿರೋದು ಮಗುವಿನ ಹೆಸರು."

ಸ್ವಾಮಿಗಳು ನಕ್ಕು ನೆಟ್ಟಗೆ ಕೂತರು.

ಮಲ್ಲಾರಾಧ್ಯನದು ತುಮಕೂರಿನ ಆಚೆ ಒಂದು ಚಿಕ್ಕ ಕಾರ್ಖಾನೆ. ಇಷ್ಟು ವರ್ಷ ಅವನು ಬೇರೆಯವರಿಗೆ ಗ್ರೀಸ್ ಮಾಡಿಕೊಡುತ್ತಿದ್ದ. ಡಬ್ಬ ಅವರದು, ಹೆಸರು ಅವರದು. ಈಗ ತನ್ನದೇ ಒಂದು ಹದ ಕಂಡುಹಿಡಿದಿದ್ದ. ಎಂಥ ಕಾವಿಗೂ ಅದು ಕರಗಿ ಸೋರದು, ಎಷ್ಟು ನೀರು ಬಿದ್ದರೂ ತೊಳೆದುಹೋಗದು. ಸಕ್ಕರೆ ಕಾರ್ಖಾನೆಗಳ ಎಂಜಿನಿಯರುಗಳು ಎರಡು ಬೆರಳಲ್ಲಿ ತೀಡಿ ನೋಡಿ ತಲೆದೂಗಿದ್ದರು. "ಸರಕು ಚೆನ್ನಾಗಿದೆ, ಹೆಸರೇನು?" ಎಂದು ಕೇಳಿದ್ದರು. ಅವನ ಫಜೀತಿ ಶುರುವಾದದ್ದೇ ಅಲ್ಲಿಂದ. ಕಬ್ಬು ನುರಿಸುವ ಹಂಗಾಮು ಹತ್ತಿರ ಬಂದಿತ್ತು. ಕಾರ್ಖಾನೆಯವರು ಗ್ರೀಸ್ ಕೊಳ್ಳುವುದು ಅದಕ್ಕೆ ಮೊದಲು. ಈ ಹಂಗಾಮು ಕೈತಪ್ಪಿದರೆ ಮುಂದಿನ ಹಂಗಾಮಿನವರೆಗೆ ಬಾಗಿಲು ತೆರೆದಿಡುವ ತ್ರಾಣ ಅವನಿಗಿರಲಿಲ್ಲ. ಡಬ್ಬದ ಮೇಲೆ ಹೆಸರು ಅಚ್ಚು ಹಾಕುವವನು "ನಾಳೆ ಬೆಳಿಗ್ಗೆ ಹೇಳಿಬಿಡಿ ಸಾಮಿ, ಆಮೇಲೆ ನನ್ನನ್ನು ಕೇಳಬೇಡಿ" ಎಂದು ಗಡುವು ಕೊಟ್ಟಿದ್ದ.

ಹೆಸರು ಹೇಳುವವರಿಗೇನು ಬರವೇ? ಬಿಡಿಭಾಗದ ಅಂಗಡಿಯವನು ಸಿಂಹ ಅಂದ, ಸಿಂಹ ಆಗಲೇ ಹೋಗಿಬಿಟ್ಟಿದ್ದರೆ ಆನೆ ಅಂದ, ಆನೆಯೂ ಹೋಗಿದ್ದರೆ ಘೇಂಡಾಮೃಗವಂತೂ ಯಾರೂ ಇಟ್ಟಿರಲಾರರು ಎಂದು ಧೈರ್ಯ ಹೇಳಿದ. ಸಂಸ್ಕೃತ ಪಾಠ ಮಾಡುವ ಭಾವಮೈದುನ ಬಾಯಿ ತಿರುಗದ ಒಂದು ಸಮಾಸ ಕಟ್ಟಿಕೊಟ್ಟ. ಅದನ್ನು ಬರೆಯಲು ಡಬ್ಬದ ಸುತ್ತಳತೆಯೇ ಸಾಲದು. ಮಗಳು, "ಏನಾದರೂ ಇಡಪ್ಪ, ಕೊನೆಗೊಂದು ಎಕ್ಸ್ ಇರಲಿ, ಫಾರಿನ್ನಿನ ಹಾಗೆ ಕೇಳುತ್ತೆ" ಅಂದಳು. ಎಲ್ಲರ ಮಾತೂ ಸರಿ ಅನ್ನಿಸಿತು, ಎಲ್ಲರ ಮಾತೂ ತಪ್ಪು ಅನ್ನಿಸಿತು. ರಾತ್ರಿ ಕಣ್ಣು ಮುಚ್ಚಿದರೆ ಘೇಂಡಾಮೃಗ ಬಂದು ನಿಲ್ಲುತ್ತಿತ್ತು.

ಕೊನೆಗೆ ಅವನಿಗೇ ಒಂದು ಹೆಸರು ಹೊಳೆದಿತ್ತು. ಗುರುಗಳದೇ ಹೆಸರು. ಮಾದರಿಗೆಂದು ಒಂದು ಡಬ್ಬಕ್ಕೆ ಚೀಟಿಯನ್ನೂ ಅಂಟಿಸಿಬಿಟ್ಟಿದ್ದ: ಮೇಲೆ 'ಶ್ರೀ ನಂಜಯ್ಯಸ್ವಾಮಿ ಗ್ರೀಸ್' ಎಂಬ ಅಕ್ಷರ, ಕೆಳಗೆ ಸ್ವಾಮಿಗಳ ನಗುಮುಖ, ಸುತ್ತ ಬೆಳಕಿನ ಕಿರಣ. ಆ ಡಬ್ಬ ಅವನ ಬಟ್ಟೆಯ ಚೀಲದಲ್ಲಿತ್ತು. ಇಲ್ಲಿ ಒಪ್ಪಿಗೆ ಕೇಳುವುದಷ್ಟೇ ಬಾಕಿ. ಆದರೆ ಬಂದಾಗಿನಿಂದ ಬಾಯಿ ಬರುತ್ತಿಲ್ಲ. ಸುಮ್ಮನೆ ಅತ್ತ ಇತ್ತ ತಿರುಗಿದ. ಬಸ್ಸಿನಲ್ಲಿ ದೂರ ಬಂದವನು, ಹಿತ್ತಲ ಕಕ್ಕಸಿಗೂ ಒಮ್ಮೆ ಹೋಗಿಬಂದ. ಅಲ್ಲಿ ತಂತಿಯ ಹಿಡಿ ಕಟ್ಟಿದ ಒಂದು ಹಳೆಯ ಡಬ್ಬ ನೀರು ತುಂಬಿಕೊಂಡು ಕೂತಿತ್ತು. ಮೇಲೆ ಕಿರೀಟ ತೊಟ್ಟ ಯಾವನೋ ಅರಸನ ಚಿತ್ರ, ಮೂಗಿನಿಂದ ಕೆಳಕ್ಕೆ ತುಕ್ಕು. ಹೆಸರಿನ ಹುಚ್ಚು ಹಿಡಿದವನಲ್ಲವೇ, ಅಲ್ಲಿಯೂ ಬಗ್ಗಿ ಓದಲು ನೋಡಿದ. ಅಕ್ಷರ ಅಳಿಸಿಹೋಗಿತ್ತು.

ಈಗ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ದೇವರ ಹೆಸರು, ದೊಡ್ಡವರ ಹೆಸರು ಇಟ್ಟರೆ ಹೇಗೆ ಬುದ್ಧೀ?" ಎಂದು ಸುತ್ತುಬಳಸಿ ಕೇಳಿದ.

ಸ್ವಾಮಿಗಳು ಚೀಲದ ಕಡೆ ಒಮ್ಮೆ ನೋಡಿದರು. ನೋಡಿ ಒಂದು ಕತೆ ಹೇಳಿದರು.

"ಒಬ್ಬ ಎರಕದವನಿದ್ದ. ಯಾವ ಊರು ಅಂತ ಕೇಳಬೇಡ, ಊರಿಗೆ ಹೆಸರಿಟ್ಟರೆ ಅದಕ್ಕೊಂದು ಜಗಳ. ಅವನದು ಗುಡಿಯ ಗಂಟೆ ಎರೆಯುವ ಮನೆತನ. ಮರಳಿನಲ್ಲಿ ಅಚ್ಚು ಮಾಡಿದ ಮೇಲೆ, ಕರಗಿದ ಲೋಹ ಹೊಯ್ಯುವ ಮೊದಲು, ಅಚ್ಚಿನೊಳಗೆ ಮನೆದೇವರ ಹೆಸರು ಕೊರೆಯುವುದು ಅವರ ಪದ್ಧತಿ. ಅಪ್ಪ ಹಾಗೆ ಮಾಡಿದ್ದ, ಅಜ್ಜ ಹಾಗೆ ಮಾಡಿದ್ದ. ಆದರೆ ಗಂಟೆಯ ಕಷ್ಟ ನಿನಗೆ ಗೊತ್ತಲ್ಲ, ಒಂದು ಕಟ್ಟಿದರೆ ಮೂರು ತಲೆಮಾರು ಬಾರಿಸುತ್ತಾರೆ. ಸುತ್ತಲಿನ ಗುಡಿಗಳಿಗೆಲ್ಲ ಗಂಟೆಯಾಯಿತು. ಕುಲುಮೆ ಆರುವ ಹಾಗಾಯಿತು.

"ಆ ಊರಿನಲ್ಲಿ ನೇಕಾರರು ಬಹಳ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಬರಿಗಾಲಲ್ಲಿ ಮರದ ಹಲಗೆ ತುಳಿದು ತುಳಿದು ನೇಯುವವರು. ಮರ ಸವೆಯುತ್ತದೆ, ಸೀಳುತ್ತದೆ, ಬೆವರಿದ ಕಾಲು ಜಾರುತ್ತದೆ. ಎರಕದವನು ಯೋಚಿಸಿದ, ಬೀಡುಕಬ್ಬಿಣದಲ್ಲಿ ಒಂದು ಹಲಗೆ ಎರೆದ. ತೆಳುವಾಗಿ, ಹಗುರಾಗಿ, ಅಂಗಾಲಿಗೆ ಒಪ್ಪುವ ಹಾಗೆ. ಮನೆಯಲ್ಲಿದ್ದ ಲೋಹವನ್ನೆಲ್ಲ ಮಾರಿ ಕಬ್ಬಿಣ ತಂದಿದ್ದ. ಇದು ನಡೆದರೆ ಕುಲುಮೆ ಉಳಿಯಿತು, ಇಲ್ಲವಾದರೆ ಇಲ್ಲ. ಹೊಯ್ಯುವ ಮೊದಲು, ಕೈಯ ಅಭ್ಯಾಸ ನೋಡು, ಅಚ್ಚಿನೊಳಗೆ ದೇವರ ಹೆಸರು ಕೊರೆದ.

"ನೇಕಾರರು ಮುಗಿಬಿದ್ದು ಕೊಂಡರು. ಕೊಂಡವರೆಲ್ಲ ಹೊಗಳಿದರು. ಆದರೆ ಒಂದು ಕೊಂಡವನು ಇನ್ನೊಂದಕ್ಕೆ ಬರಲಿಲ್ಲ. ಮಗ್ಗಕ್ಕೆ ಎರಡು ಹಲಗೆ ಬೇಕು, ಒಂದು ಕಾಲಿಗೆ ಹಲಗೆ ಬೇಕು, ಇನ್ನೊಂದು ಕಾಲಿಗೆ ಬೇಡವೇ? ಎರಕದವನಿಗೆ ತಲೆಬುಡ ತಿಳಿಯಲಿಲ್ಲ. ಒಬ್ಬ ನೇಕಾರನ ಮನೆಗೆ ಹೋಗಿಯೇಬಿಟ್ಟ. ನೋಡಿದರೆ ಹಲಗೆ ಗೋಡೆಯ ಮೇಲಿದೆ! ಕುಂಕುಮ ಹಚ್ಚಿದ್ದಾರೆ, ಹೂವು ಮುಡಿಸಿದ್ದಾರೆ. ಅದರ ಕೆಳಗೆ ನೇಕಾರ ಅದೇ ಸೀಳಿದ ಮರದ ಹಲಗೆ ತುಳಿಯುತ್ತ ಕೂತಿದ್ದಾನೆ.

"'ಇದೇನಯ್ಯಾ?' ಅಂದ ಎರಕದವನು.

"'ಎಷ್ಟು ಚೆನ್ನಾಗಿದೆ ಯಜಮಾನರೇ, ಬೆಳಿಗ್ಗೆ ಎದ್ದ ಕೂಡಲೇ ಕೈಮುಗಿಯುತ್ತೇನೆ. ಮಗ್ಗವೂ ಸಲೀಸಾಗಿ ನಡೆಯುತ್ತಿದೆ' ಅಂದ ನೇಕಾರ.

"'ತುಳಿಯಲು ಕೊಟ್ಟದ್ದಯ್ಯಾ!'

"'ಶಿವ ಶಿವಾ, ದೇವರನ್ನು ತುಳಿಯುವುದೇ?'"

ಮಲ್ಲಾರಾಧ್ಯ ಚೀಲವನ್ನು ತುಸು ಹಿಂದಕ್ಕೆ ಸರಿಸಿದ. ಸ್ವಾಮಿಗಳು ಅದನ್ನು ಕಾಣದವರ ಹಾಗೆ ಮುಂದುವರಿಸಿದರು.

"ಎರಕದವನು ಮನೆಗೆ ಬಂದು, ದೇವರಾದರೆ ತಾನೇ ಈ ಗೋಳು, ನನ್ನ ಹೆಸರೇ ಇರಲಿ ಎಂದು ಅಚ್ಚಿನಲ್ಲಿ ತನ್ನ ಹೆಸರು ಕೊರೆದ. ಈ ಸಲ ಹಲಗೆಗಳು ಮಗ್ಗಕ್ಕೆ ಇಳಿದವು. ಎರಕದವನು ಖುಷಿಯಿಂದ ನೋಡಲು ಹೋದ. ನೇಕಾರ ತಲೆಯೆತ್ತಿ, 'ಬನ್ನಿ ಯಜಮಾನರೇ, ನಿಮ್ಮ ಆಯಸ್ಸು ಗಟ್ಟಿ. ಬೆಳಗಿನಿಂದ ನಿಮ್ಮನ್ನೇ ತುಳಿಯುತ್ತಿದ್ದೇನೆ' ಅಂದ. ಅವನ ಹೆಂಡತಿ ಮಗುವಿಗೆ, 'ಅಪ್ಪನ ಕಾಲ ಕೆಳಗಿದ್ದಾರಲ್ಲ, ಅವರೇ ಇವರು' ಎಂದು ಪರಿಚಯ ಮಾಡಿಕೊಟ್ಟಳು. ಪಾಪ, ಅವರು ಮರ್ಯಾದೆಯಿಂದಲೇ ಹೇಳಿದ್ದು. ಎರಕದವನಿಗೆ ಅಂದು ಊಟ ಸೇರಲಿಲ್ಲ. ಬೀದಿಯುದ್ದಕ್ಕೂ ಮಗ್ಗದ ಸದ್ದು ಕೇಳಿದಾಗೆಲ್ಲ ಬೆನ್ನು ಮುಟ್ಟಿ ನೋಡಿಕೊಂಡ.

"ಆಗ ಅವನಿಗೆ ಒಂದು ದುರ್ಬುದ್ಧಿ ಹುಟ್ಟಿತು. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಎರಕದವನಿದ್ದ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಯಾರನ್ನಾದರೂ ತುಳಿಯಲೇಬೇಕಾದರೆ ಅವನನ್ನೇ ತುಳಿಯಲಿ ಎಂದು ಇವನು ದಪ್ಪ ಅಕ್ಷರದಲ್ಲಿ ಆ ಎದುರಾಳಿಯ ಹೆಸರು ಕೊರೆದು ಎರೆದ. ಮಗ್ಗದ ಸದ್ದು ಕೇಳಿದಾಗೆಲ್ಲ ಈಗ ಇವನಿಗೆ ಸಂಗೀತ ಕೇಳಿದ ಹಾಗೆ. ಆದರೆ ಸ್ವಲ್ಪ ದಿನಕ್ಕೆ ಇವನ ಅಂಗಡಿಗೆ ಬರುವವರೇ ನಿಂತುಹೋದರು. ಹಲಗೆಯ ಮೇಲೆ ಯಾರ ಹೆಸರಿದೆಯೋ ಅವರ ಮನೆ ಬಾಗಿಲಿಗೇ ತಾನೇ ಜನ ಹೋಗುವುದು? ಆ ಎದುರಾಳಿ ಮೊದಲು ತಬ್ಬಿಬ್ಬಾದ, ಆಮೇಲೆ ಮಾಡಲು ಕಲಿತ, ಆಮೇಲೆ ಒಂದು ತಟ್ಟೆ ತುಂಬ ಬಾಳೆಹಣ್ಣು ಇಟ್ಟುಕೊಂಡು ಇವನ ಮನೆಗೇ ಬಂದ. 'ಅಣ್ಣಾ, ನೀನು ನನ್ನನ್ನು ಇಷ್ಟು ಹಚ್ಚಿಕೊಂಡಿದ್ದೀಯ ಅಂತ ನನಗೆ ಗೊತ್ತೇ ಇರಲಿಲ್ಲ' ಎಂದು ಕಣ್ಣೊರೆಸಿಕೊಂಡ."

ಮಲ್ಲಾರಾಧ್ಯನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವನಿಗೆ ಒಳಗೊಳಗೆ ದಿಗಿಲೂ ಆಯಿತು. ದೇವರದು ಆಗಲಿಲ್ಲ, ತನ್ನದು ಆಗಲಿಲ್ಲ, ಹಗೆಯದೂ ಆಗಲಿಲ್ಲ. ಹಾಗಾದರೆ ಉಳಿದದ್ದು ಘೇಂಡಾಮೃಗವೊಂದೇ.

"ಕೊನೆಗೆ ಏನು ಹೆಸರಿಟ್ಟ, ಬುದ್ಧೀ?"

"ಏನೂ ಇಡಲಿಲ್ಲ. ಹೆಸರೂ ಬೇಡ ಹಾಳೂ ಬೇಡ ಎಂದು ಬೇಸತ್ತು, ಉಳಿದ ಕಬ್ಬಿಣವನ್ನು ಬರಿದಾಗಿ ಎರೆಯಲು ಹೊರಟ. ಬರಿ ಹಲಗೆ ನುಣುಪಾಗಿದ್ದರೆ ಕಾಲು ಜಾರುತ್ತದಲ್ಲ, ಅದಕ್ಕೆ ಅಚ್ಚಿನಲ್ಲಿ ಅಡ್ಡಡ್ಡ ಗೀರು ಎಳೆದ, ಅಷ್ಟೇ. ಒಂದು ದಿನ ದೂರದ ಊರಿನ ನೇಕಾರನೊಬ್ಬ ಬಾಗಿಲಲ್ಲಿ ನಿಂತು, 'ಗೀರುಹಲಗೆ ಮಾಡುವವರ ಮನೆ ಇದೇ ಏನು?' ಎಂದು ಕೇಳಿದ. ಎರಕದವನು ಗಾಬರಿಯಾಗಿ ಒಳಗೆ ಹೋಗಿ, 'ಏನೇ, ಗೀರುಹಲಗೆ ಅಂದರೆ ಯಾವುದೇ?' ಎಂದು ಹೆಂಡತಿಯನ್ನು ಕೇಳಿದನಂತೆ. ಅವಳು, 'ಊರೆಲ್ಲ ಹಾಗೇ ಅನ್ನುತ್ತಿದೆ, ನಿಮಗೊಬ್ಬರಿಗೆ ಗೊತ್ತಿಲ್ಲ' ಅಂದಳಂತೆ. ಕುಲುಮೆ ಆರಲಿಲ್ಲ."

ಸ್ವಾಮಿಗಳು ಕತೆ ನಿಲ್ಲಿಸಿ ಮತ್ತೆ ಗೋಡೆಗೆ ಒರಗಿದರು.

ಮಲ್ಲಾರಾಧ್ಯ ಬಹಳ ಹೊತ್ತು ಯೋಚಿಸಿದ. ಹೆಸರನ್ನು ಜನರೇ ಇಡಲಿ ಎಂದು ಕಾಯಬೇಕೆ? ಅಚ್ಚು ಹಾಕುವವನು ಕಾಯುವುದಿಲ್ಲ. ಹಂಗಾಮು ಕಾಯುವುದಿಲ್ಲ. ತನ್ನ ಗ್ರೀಸಿನ ಗೀರು ಯಾವುದು? ಕರಗದಿರುವುದೋ, ತೊಳೆದುಹೋಗದಿರುವುದೋ? ಒಂದು ಎಳೆ ಹಿಡಿದರೆ ಇನ್ನೊಂದು ಎಳೆ ಗಂಟಾಗುತ್ತಿತ್ತು. ಹಾಗೆ ತಡಕಾಡುತ್ತಿರುವಾಗಲೇ ಅವನ ಮುಖ ಥಟ್ಟನೆ ಅರಳಿತು.

"ತಿಳೀತು ಬುದ್ಧೀ! ದೋಷ ಹೆಸರಿನದಲ್ಲ, ಕಾಲಿನದು. ಕಾಲಿಗೆ ತಾಗುವ ವಸ್ತುವಿಗೆ ಪೂಜ್ಯರ ಹೆಸರು ಸಲ್ಲದು. ಅಷ್ಟೇ ತಾನೇ?"

"ಹಾಗೂ ಹೇಳಬಹುದು" ಎಂದರು ಸ್ವಾಮಿಗಳು.

"ನಮ್ಮ ಗ್ರೀಸ್ ಕಾಲಿಗೆ ತಾಗೋದೇ ಇಲ್ಲವಲ್ಲ! ಕೈಯಲ್ಲಿ ಹಚ್ಚೋದು. ಅದೂ ಬಲಗೈಯಲ್ಲಿ. ಡಬ್ಬವನ್ನು ಮೆಕ್ಯಾನಿಕ್ಕುಗಳು ಅಲಮಾರಿನ ಮೇಲಿನ ಹಲಗೆಯಲ್ಲಿ ಇಟ್ಟುಕೊಳ್ಳುತ್ತಾರೆ, ಕೆಲವರು ಊದುಬತ್ತಿಯನ್ನೂ ಅಲ್ಲೇ ಸಿಗಿಸುತ್ತಾರೆ. ಇದಕ್ಕಿಂತ ಒಳ್ಳೆಯ ಜಾಗ ಬೇಕೆ?"

ಇನ್ನು ಸಂಕೋಚ ಉಳಿಯಲಿಲ್ಲ. ಅವನು ಚೀಲದಿಂದ ಡಬ್ಬ ತೆಗೆದು, ಧೋತರದ ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಗುರುಗಳ ಮುಂದೆ ಚಾಚಿದ. ಚೀಟಿಯ ಮೇಲಿನ ನಂಜಯ್ಯಸ್ವಾಮಿಗಳು ಬೆಳಕಿನ ಕಿರಣಗಳ ನಡುವೆ ಕೂತು ಜಗಲಿಯ ನಂಜಯ್ಯಸ್ವಾಮಿಗಳನ್ನು ನೋಡಿ ನಕ್ಕರು.

"ತಮ್ಮ ಒಪ್ಪಿಗೆ ಒಂದಿದ್ದರೆ ನಾಳೆಯೇ ಅಚ್ಚಿಗೆ ಕೊಡುತ್ತೇನೆ. ಇದು ವ್ಯಾಪಾರಕ್ಕಲ್ಲ ಬುದ್ಧೀ, ಭಕ್ತಿಗೆ."

ಸ್ವಾಮಿಗಳು ಡಬ್ಬವನ್ನು ಕೈಗೆ ತೆಗೆದುಕೊಂಡರು. ಒಮ್ಮೆ ತೂಗಿದರು. ತಮ್ಮ ಮುಖವನ್ನು ತಾವೇ ಕುತೂಹಲದಿಂದ ನೋಡಿದರು. ಮುಚ್ಚಳ ತೆಗೆದು, ಬೆರಳ ತುದಿಯಲ್ಲಿ ಒಂದಿಷ್ಟು ಗ್ರೀಸ್ ತೆಗೆದು, ಜಗಲಿಯ ಬಾಗಿಲಿನ ಕಿರುಗುಟ್ಟುತ್ತಿದ್ದ ಕೀಲಿಗೆ ಸವರಿದರು. ಬಾಗಿಲು ತಳ್ಳಿದರು. ಸದ್ದಿಲ್ಲ.

"ಸರಕು ಚೆನ್ನಾಗಿದೆ" ಎಂದರು.

ಮಲ್ಲಾರಾಧ್ಯನ ಕಣ್ಣು ತುಂಬಿತು.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಯಾರೋ ಡಬ್ಬವನ್ನು ನೀರಿನ ತೊಟ್ಟಿಯಲ್ಲಿ ಅದ್ದಿದ ಸದ್ದು ಕೇಳಿತು, ತಂತಿಯ ಹಿಡಿ ಟಣ್ ಎಂದಿತು, ಆಮೇಲೆ ಕಕ್ಕಸಿನ ಬಾಗಿಲು ಹಾಕಿಕೊಂಡ ಸದ್ದು.

ಸ್ವಾಮಿಗಳು ಡಬ್ಬವನ್ನು ಅವನ ಕೈಗೆ ಹಿಂತಿರುಗಿಸುತ್ತ ಕೇಳಿದರು: "ಮಲ್ಲಾರಾಧ್ಯ, ಒಳಗಿನ ಗ್ರೀಸ್ ಮುಗಿದ ಮೇಲೆ ನಾನು ಎಲ್ಲಿರುತ್ತೇನಪ್ಪ?"

ಮಲ್ಲಾರಾಧ್ಯ ಡಬ್ಬವನ್ನು ನೆಲಕ್ಕೆ ಇಡಲಾರದೆ, ಚೀಲಕ್ಕೆ ಹಾಕಲಾರದೆ, ಎದೆಗೆ ಅವಚಿಕೊಂಡು ಹಾಗೇ ಕೂತ.