ಹಸಿ ತಾರಸಿ

ಎಲೀಷ ಕೇಳಿದ: "ಅಯ್ಯನವರೇ, ದೇವರ ಕೆಲಸಕ್ಕೆ ಹೊರಟವನಿಗೆ ಭಯವಾದರೆ ಅದು ಅವಿಶ್ವಾಸವೇ?"

ಜಯಶೀಲ ಅಯ್ಯನವರು ಮೂವತ್ತು ವರ್ಷ ಬೈಬಲ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಎಲೀಷ ಅವರ ಕೊನೆಯ ವರ್ಷದ ಶಿಷ್ಯ. ಅವನ ಸಭೆಯಿಂದ ಹನ್ನೆರಡು ಮಂದಿ ಮುಂದಿನ ತಿಂಗಳು ಸಮುದ್ರದಾಚೆಯ ದೇಶವೊಂದಕ್ಕೆ ಹೋಗಿ ಬಡ ಕುಟುಂಬಕ್ಕೆ ಮನೆ ಕಟ್ಟಿಕೊಡುವವರಿದ್ದರು. ಅವನ ಹೆಸರೂ ಪಟ್ಟಿಯಲ್ಲಿತ್ತು. ಹೆಸರು ಕೊಟ್ಟ ದಿನದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ಅದನ್ನು ಸಭೆಯ ಹಿರಿಯರೊಬ್ಬರ ಮುಂದೆ ಹೇಳಿಕೊಂಡಾಗ, ನಂಬಿಕೆಯುಳ್ಳವನಿಗೆ ಭಯ ಎಲ್ಲಿಂದ ಬಂತಪ್ಪ ಎಂದು ಅವರು ನಕ್ಕಿದ್ದರು.

ಅಯ್ಯನವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ನಿಮ್ಮ ಸಭೆಯಂಥದೇ ಒಂದು ಸಭೆ. ಅಲ್ಲಿಂದಲೂ ಒಂದು ತಂಡ ಹೊರಟಿತು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಬೆನ್ನ ಮೇಲೆ ಒಂದು ವಾಕ್ಯ. ಬೆನ್ನ ಮೇಲಿದ್ದದ್ದರಿಂದ ತೊಟ್ಟವರು ಅದನ್ನು ಓದುವ ಹಾಗಿರಲಿಲ್ಲ, ಆ ಮಾತು ಬೇರೆ. ಸಭೆಯ ಹಿರಿಯನೊಬ್ಬ ತಂಡದ ಮುಖಂಡ. ಅವನನ್ನು ಕೆಟ್ಟವನೆಂದು ತಿಳಿಯಬೇಡ. ಅವನು ಪ್ರಾರ್ಥನೆಗೆ ನಿಂತರೆ ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಸೇವೆ ಎಂದರೇನೆಂದು ಮಕ್ಕಳು ಕಣ್ಣಾರೆ ನೋಡಬೇಕು ಎಂದು ತನ್ನ ಒಬ್ಬಳೇ ಮಗಳನ್ನೂ ಕರೆತಂದಿದ್ದ. ಉಳಿದವರಲ್ಲಿ ಶಾಲೆಯವರಿದ್ದರು, ಅಂಗಡಿಯವರಿದ್ದರು, ಬ್ಯಾಂಕಿನವರಿದ್ದರು. ಮನೆ ಕಟ್ಟಲು ಬರುತ್ತಿದ್ದದ್ದು ಒಬ್ಬನಿಗೆ ಮಾತ್ರ. ಅವನು ಮೇಸ್ತ್ರಿ. ಕೆಲಸದ ಜಾಗದಲ್ಲಿ ಹತ್ತು ಆಳುಗಳನ್ನು ಗದರಿಸುವವನು, ದೇವಾಲಯದಲ್ಲಿ ಕಡೆಯ ಬೆಂಚಿನಲ್ಲಿ ಕೂರುವವನು.

ಅವರು ಹೋದದ್ದು ಒಂದು ದ್ವೀಪಕ್ಕೆ. ಅವರಿಗೆ ತೋರಿಸಿದ ಕುಟುಂಬದಲ್ಲಿ ಒಬ್ಬ ತಾಯಿ, ಅವಳ ಅತ್ತೆ, ಇಬ್ಬರು ಚಿಕ್ಕ ಮಕ್ಕಳು. ಗಂಡ ಹಡಗಿನಲ್ಲಿ ದುಡಿಯಲು ಹೋದವನು ಎರಡು ವರ್ಷದಿಂದ ಬಂದಿರಲಿಲ್ಲ. ತೆಂಗಿನ ಗರಿಯ ಗುಡಿಸಲಿನಲ್ಲಿ ಅವರ ವಾಸ. ಆ ದ್ವೀಪದಲ್ಲಿ ಎಲ್ಲರ ಮನೆಯೂ ಅಂಥದೇ. ಗರಿಯ ಚಾವಣಿ, ಹಗ್ಗದ ಕಟ್ಟು. ಊರಿನ ಶಾಲೆಯ ಮಾಸ್ತರನೊಬ್ಬನಿಗೆ ಎರಡೂ ಕಡೆಯವರಿಗೆ ತಿಳಿಯುವ ಹಾಗೆ ಮಾತಾಡಲು ಬರುತ್ತಿತ್ತು. ಗಟ್ಟಿ ಗೋಡೆ ಕಟ್ಟಿ ಮೇಲೆ ಗರಿಯನ್ನೇ ಹೊದಿಸಿದರೂ ಸಾಕು ಎಂದು ಅವನು ಹೇಳಿ ನೋಡಿದ. ನಮ್ಮವರು ಒಪ್ಪಲಿಲ್ಲ. ಗರಿ ಎಂದರೆ ಗುಡಿಸಲು, ತಗಡು ಎಂದರೆ ಶೆಡ್ಡು, ತಾರಸಿ ಬಿದ್ದರೆ ಮಾತ್ರ ಮನೆ. ನಮ್ಮ ಕಡೆಯ ಲೆಕ್ಕ ಅದು. ಸಭೆಯಲ್ಲಿ ತಾರಸಿ ಮನೆಯ ಚಿತ್ರವನ್ನೇ ತೂಗುಹಾಕಿ ಬಂದಿದ್ದರು.

ಇದ್ದದ್ದು ಹದಿನಾಲ್ಕು ದಿನ. ಹದಿನೈದನೆಯ ದಿನ ವಿಮಾನ. ಪಾಯವನ್ನು ಊರಿನವರು ಮೊದಲೇ ಹಾಕಿಟ್ಟಿದ್ದರು. ಎಂಟು ದಿನದಲ್ಲಿ ಗೋಡೆ ಎದ್ದಿತು. ಒಂಬತ್ತನೆಯ ದಿನ ಕೈಯಿಂದ ಕೈಗೆ ಬುಟ್ಟಿ ದಾಟಿಸಿ, ಹಾಡು ಹಾಡಿ, ತಾರಸಿಗೆ ಕಾಂಕ್ರೀಟ್ ಹಾಕಿದರು. ಬ್ಯಾಂಕಿನವರು ಕೂಡ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡರು. ಯಾರೂ ಮೈಗಳ್ಳತನ ಮಾಡಲಿಲ್ಲ, ಅದನ್ನು ಹೇಳಲೇಬೇಕು.

ಹಸಿ ತಾರಸಿ ತನ್ನ ಭಾರವನ್ನು ತಾನು ಹೊರುವುದಿಲ್ಲ. ಕೆಳಗೆ ಹಲಗೆ ಕೊಟ್ಟು, ಹಲಗೆಗೆ ಕಂಬ ಕೊಟ್ಟು, ಮೇಲೆ ನೀರು ಕಟ್ಟಿ ಮೂರು ವಾರ ಕಾಯಬೇಕು. ಇದು ನಮ್ಮ ಊರುಗಳಲ್ಲಿ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತು. ಹಿರಿಯನೂ ಮನೆ ಕಟ್ಟಿಸಿದವನೇ. ಆದರೆ ಹದಿನಾಲ್ಕನೆಯ ದಿನ ಮನೆಯ ಪ್ರತಿಷ್ಠೆಯ ಆರಾಧನೆ ಇತ್ತು. ಕಂಬಗಳ ಕಾಡಿನಲ್ಲಿ ನಿಂತು ಆರಾಧನೆ ಮಾಡುವುದು ಹೇಗೆ, ಫೋಟೋ ನೋಡಿದ ಸಭೆಯವರು ಅರ್ಧ ಮನೆ ಕೊಟ್ಟು ಬಂದಿರಾ ಎಂದು ಕೇಳಿದರೆ ಏನು ಹೇಳುವುದು ಎಂಬುದು ಅವನ ಚಿಂತೆ. ಹನ್ನೆರಡನೆಯ ದಿನ ಬೆಳಿಗ್ಗೆ, ಕಂಬ ಬಿಚ್ಚಿ ಒಳಗೆ ಸುಣ್ಣ ಹೊಡೆಯೋಣ ಎಂದ.

ಮೇಸ್ತ್ರಿ ಕೈಕಟ್ಟಿ ನಿಂತು ಹೇಳಿದ: "ಸಾಹೇಬ್ರ, ಇನ್ನೂ ಹಸಿ ಐತ್ರಿ. ಇಪ್ಪತ್ತೊಂದು ದಿನ ಕಂಬ ಮುಟ್ಟಬಾರದ್ರಿ."

"ಪ್ರಾರ್ಥನಾ ಮಾಡಿ ಹಾಕಿದ ತಾರಸಿ ಅದು," ಎಂದ ಹಿರಿಯ. "ನಿನಗ ನಂಬಿಕಿ ಇಲ್ಲೇನು?"

ಸಭೆಯ ಹತ್ತು ಜನ ಸುತ್ತ ನಿಂತು ಕೇಳುತ್ತಿದ್ದರು. ಮೇಸ್ತ್ರಿ ತಲೆ ತಗ್ಗಿಸಿದ. ಎಲ್ಲರನ್ನೂ ಹೊರಗೆ ಕಳಿಸಿ, ತಾನೊಬ್ಬನೇ ಒಳಗೆ ಹೋಗಿ ಒಂದೊಂದಾಗಿ ಕಂಬ, ಹಲಗೆ ತೆಗೆದ. ಒಂದು ತೆಗೆಯುವುದು, ಉಸಿರು ಹಿಡಿದು ಕೇಳುವುದು, ಇನ್ನೊಂದು ತೆಗೆಯುವುದು. ತಾರಸಿ ನಿಂತಿತು. ಹೊರಗೆ ಚಪ್ಪಾಳೆ ಬಿತ್ತು. ಹಿರಿಯ ಅವನ ಬೆನ್ನು ತಟ್ಟಿದ. ನಡುಮಧ್ಯದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕನ್ನು ಮೇಸ್ತ್ರಿ ಒಬ್ಬನೇ ನೋಡಿದ. ಮಧ್ಯಾಹ್ನದೊಳಗೆ ಸುಣ್ಣ ಬಳಿದರು, ಬಿರುಕು ಕಾಣದಾಯಿತು.

ಕಾಣದಾದ ಮೇಲೆ ಅವನ ಭಯ ಹೆಚ್ಚಾಯಿತು. ಕಾಣುವಷ್ಟು ಹೊತ್ತು ಅದು ಬೆಳೆದಿಲ್ಲ ಎಂಬ ಧೈರ್ಯವಾದರೂ ಇತ್ತು.

ಅದೇ ಮಧ್ಯಾಹ್ನದ ಬಿಸಿಲಿಗೆ ಆ ಮಕ್ಕಳಿಬ್ಬರೂ ಹೊಸ ಮನೆಯೊಳಗೆ ಬಂದು ತಣ್ಣನೆಯ ನೆಲದ ಮೇಲೆ ಮಲಗಿದರು. ಮೇಸ್ತ್ರಿ ನೋಡಿದ. ಅವರ ಭಾಷೆ ಅವನಿಗೆ ಬಾರದು. ಒಂದು ಕೋಲು ಹಿಡಿದು, ಕಣ್ಣು ದೊಡ್ಡದು ಮಾಡಿ, ಅವರನ್ನು ಹೊರಗೆ ಓಡಿಸಿದ. ಮಕ್ಕಳು ಕಿಲಕಿಲ ನಗುತ್ತ ಓಡಿದರು. ಅವನು ಆಚೆ ತಿರುಗಿದೊಡನೆ ಒಳಗೆ ಬಂದರು. ಅವನು ಮತ್ತೆ ಓಡಿಸಿದ. ಮರುದಿನವೂ ಇದೇ. ಅವರು ಒಳಗೆ ನುಗ್ಗುವುದು, ಇವನು ಕೋಲು ಹಿಡಿದು ಬೆನ್ನಟ್ಟುವುದು. ಗುಡಿಸಲಿನ ಬಾಗಿಲಲ್ಲಿ ಕೂತ ತಾಯಿ ನೋಡಿ ನೋಡಿ ನಕ್ಕಳು. ಮೇಸ್ತ್ರಿಗೆ ಮಕ್ಕಳೆಂದರೆ ಎಷ್ಟು ಪ್ರೀತಿ ಎಂದು ತಂಡದವರು ಫೋಟೋ ತೆಗೆದುಕೊಂಡರು.

ತಾಯಿಗೆ ಹೇಳಿಬಿಡೋಣ ಎಂದು ಅವನು ಮೂರು ಸಲ ಶಾಲೆಯ ಮಾಸ್ತರನ ಬಳಿಗೆ ಹೋದ. ಮೂರು ಸಲವೂ ಬೇರೇನೋ ಕೇಳಿ ಬಂದ. ಒಮ್ಮೆ ಕುಡಿಯುವ ನೀರಿನ ಬಾವಿ ಎಲ್ಲಿದೆ ಎಂದು ಕೇಳಿದ. ಅದು ಮಾಸ್ತರನ ಬೆನ್ನ ಹಿಂದೆಯೇ ಇತ್ತು. ಹೇಳಿದರೆ ಹಿರಿಯನ ಮುಖ ಏನಾಗಬೇಕು, ಪರದೇಶದಲ್ಲಿ ಸಭೆಯ ಮಾನ ಏನಾಗಬೇಕು, ತಾನು ನಂಬಿಕೆಯಿಲ್ಲದವನೆಂದು ಊರೆಲ್ಲ ಮಾತಾದರೆ ಮನೆಯವರು ತಲೆಯೆತ್ತುವುದು ಹೇಗೆ, ಹೀಗೆ ಯೋಚಿಸಿ ಬಾಯಿ ಕಟ್ಟಿಕೊಂಡ. ಬದಲಿಗೆ ಪ್ರಾರ್ಥನೆ ಮಾಡಿದ. ಕರ್ತನೇ, ನಾವು ವಿಮಾನ ಹತ್ತುವ ತನಕವಾದರೂ ಹಿಡಿದುಕೋ ಎಂದು ಅವನ ಬಾಯಿಂದ ಬಂತು. ಬಂದ ಮಾತು ಕೇಳಿ ಅವನಿಗೇ ನಾಚಿಕೆಯಾಯಿತು.

ಹದಿನಾಲ್ಕನೆಯ ದಿನ ಬಂತು. ಕೀರ್ತನೆ ಹಾಡಿದರು, ವಾಕ್ಯ ಓದಿದರು, ಬಾಗಿಲಿಗೆ ಕಟ್ಟಿದ ರಿಬ್ಬನ್ ಕತ್ತರಿಸಿದರು. ಹಿರಿಯ ಬೀಗದ ಕೈಯನ್ನು ತಾಯಿಯ ಅಂಗೈಯಲ್ಲಿಟ್ಟ. ಆಗ ಅತ್ತೆ ಮುಂದೆ ಬಂದಳು. ಮೂರು ಕಲ್ಲು ತಂದು ಹೊಸ ಮನೆಯ ನಡುವೆ ಇಟ್ಟಳು. ಬೆಂಕಿ ಹಾಕಿ, ಗೆಣಸು ತುಂಬಿದ ದೊಡ್ಡ ಮಡಕೆಯನ್ನು ಏರಿಸಿ, ಹೊರಗೆ ಬಂದು ಹಿರಿಯನಿಗೆ ಒಳಗೆ ಹೋಗು ಎಂದು ಕೈ ತೋರಿಸಿದಳು.

ಮಾಸ್ತರ ಬಿಡಿಸಿ ಹೇಳಿದ. ಆ ದ್ವೀಪದಲ್ಲಿ ಮನೆ ಕಟ್ಟಿದವನು ತನ್ನ ಹೊಟ್ಟೆಯ ಮಕ್ಕಳೊಡನೆ ಒಲೆಯ ಮುಂದೆ ಕೂರಬೇಕು. ಮೊದಲ ಮಡಕೆ ಕುದಿಯುವ ತನಕ ಏಳಬಾರದು. ಮನೆಯವರು ಅಷ್ಟು ಹೊತ್ತು ಹೊರಗೆ ನಿಂತು ನೋಡುತ್ತಾರೆ. ಚಾವಣಿ ಕಟ್ಟಿದವನಿಗೆ ತಾನು ಬಿಗಿದ ಹಗ್ಗದ ಗಂಟು ಎಂಥದೆಂದು ಗೊತ್ತಿರುತ್ತದೆ. ಅವನು ನಿಶ್ಚಿಂತೆಯಿಂದ ಕೂತು ಎದ್ದುಬಂದರೆ ಮನೆಯವರು ಒಳಗೆ ಹೋಗುತ್ತಾರೆ. ಅಲ್ಲಿಯವರೆಗೆ ಅದು ಅವರಿಗೆ ಮನೆಯಲ್ಲ, ಬರೀ ನೆರಳು.

ತಂಡದವರಿಗೆ ಈ ಪದ್ಧತಿ ಬಹಳ ಹಿಡಿಸಿತು. ಎಲ್ಲರೂ ಕ್ಯಾಮೆರಾ ಎತ್ತಿದರು. ಹಿರಿಯನ ಮಗಳು ಚಪ್ಪಲಿ ಬಿಟ್ಟು, ಓಡಿಹೋಗಿ ಒಲೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಸರಿಯಾಗಿ ತಾರಸಿಯ ನಡುವಿಗೆ.

ಹಿರಿಯ ಹೊಸ್ತಿಲ ಮೇಲೆ ಒಂದು ಕಾಲಿಟ್ಟ. ಇನ್ನೊಂದು ಕಾಲು ಏಳಲಿಲ್ಲ. ಅವನು ಮೇಲೆ ನೋಡಿದ. ಬೆಳ್ಳಗೆ, ನುಣ್ಣಗೆ, ಒಂದು ಗೆರೆಯೂ ಇಲ್ಲದೆ ಕಂಡಿತು. ಕೆಳಗೆ ಮಗಳನ್ನು ನೋಡಿದ. ಎರಡು ದಿನದಿಂದ ಮೇಸ್ತ್ರಿಯ ಹೊಟ್ಟೆಯಲ್ಲಿದ್ದದ್ದು ಈಗ ಹಿರಿಯನ ಮುಖದ ಮೇಲೆ ಬಂತು. ಮಡಕೆ ದೊಡ್ಡದು, ಬೆಂಕಿ ಸಣ್ಣದು. ಅದು ಯಾವಾಗ ಕುದಿಯಬೇಕು?

ಹೊರಗೆ ಬಾ ಎಂದು ಮಗಳನ್ನು ಕರೆದ. ಇನ್ನೂ ಕುದಿದಿಲ್ಲಪ್ಪ ಎಂದು ಅವಳು ನಕ್ಕಳು. ಅವನು ಕೂಗಿಕೊಂಡು ಒಳಗೆ ನುಗ್ಗಿ ಅವಳ ರಟ್ಟೆ ಹಿಡಿದು ಎಳೆದ. ಕಾಲು ತಗುಲಿ ಮಡಕೆ ಉರುಳಿತು, ಬೆಂಕಿ ಆರಿತು. ಮಗಳನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಕಂಬ ಕೊಡು ಎಂದು ಮೇಸ್ತ್ರಿಗೆ ಹೇಳಿದ. ಹೇಳುವ ಮೊದಲೇ ಮೇಸ್ತ್ರಿ ಎರಡು ಕಂಬ ಹೊತ್ತುಕೊಂಡು ಓಡುತ್ತಿದ್ದ.

ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ತಾಯಿ ಕಂಬಗಳನ್ನು ನೋಡಿದಳು, ತಾರಸಿಯನ್ನು ನೋಡಿದಳು. ಮಗಳನ್ನು ಬಿಡದೆ ಅವುಚಿಕೊಂಡು ನಿಂತ ಹಿರಿಯನನ್ನು ನೋಡಿದಳು. ತನ್ನ ಇಬ್ಬರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ಹಿರಿಯನನ್ನು ಏನೂ ಕೇಳಲಿಲ್ಲ. ಮೇಸ್ತ್ರಿಯನ್ನು ನೋಡಿ ಒಂದೇ ಮಾತು ಕೇಳಿದಳು. ಮಾಸ್ತರ ತಡವರಿಸುತ್ತ ಅದನ್ನು ಇವರ ಮಾತಿನಲ್ಲಿ ಹೇಳಿದ: "ಎರಡು ದಿನ ನನ್ನ ಮಕ್ಕಳನ್ನು ಕೋಲು ಹಿಡಿದು ಓಡಿಸಿದೆಯಲ್ಲ, ಅದು ಆಟವಾಗಿರಲಿಲ್ಲವೇ?"

ಮೇಸ್ತ್ರಿ ಕಂಬ ಹಿಡಿದುಕೊಂಡೇ ಅತ್ತ.

ಹಿರಿಯನೂ ಅತ್ತ. ಅವನ ಅಳುವಿನಲ್ಲಿ ಸುಳ್ಳಿರಲಿಲ್ಲ. ಮೂರು ವಾರ ಕಂಬ ಮುಟ್ಟಬೇಡಿ, ಆಮೇಲೆ ಆನೆ ನಡೆದರೂ ಏನೂ ಆಗುವುದಿಲ್ಲ ಎಂದು ಮಾಸ್ತರನ ಕೈಯಲ್ಲಿ ಮತ್ತೆ ಮತ್ತೆ ಹೇಳಿಸಿದ. ತಾಯಿ ತಲೆಯಾಡಿಸಿದಳು. ಬಂದವರಿಗೆ ಅಂದು ಅವಳ ಗುಡಿಸಲಿನಲ್ಲೇ ಊಟವಾಯಿತು. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಎಳನೀರು ಕೊಟ್ಟಳು. ಅತಿಥಿಗಳಿಗೆ ಬಿರುಸು ಮಾತಾಡಿ ಕಳಿಸುವ ಜನ ಅವರಲ್ಲ.

ಮೂರು ವಾರ ಕಳೆಯಿತು. ಮಾಸ್ತರ ಕಂಬ ತೆಗೆಸಿದ. ತಾರಸಿ ಕಲ್ಲಿನ ಹಾಗೆ ನಿಂತಿತು. ಆ ಬಿರುಕು ಬೆಳೆಯಲೇ ಇಲ್ಲ. ಆದರೆ ಆ ತಾಯಿ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಲಿಲ್ಲ. ಮಾಸ್ತರ ತಾನೇ ಹೋಗಿ ಅದರಡಿ ಕೂತು ಮಡಕೆ ಕುದಿಸಿ ತೋರಿಸಿದ. ಕಟ್ಟಿದವನು ನೀನಲ್ಲವಲ್ಲ ಎಂದಳು.

ಆ ವರ್ಷದ ಮಳೆಗಾಲದಲ್ಲಿ ಸಮುದ್ರದ ಕಡೆಯಿಂದ ಬಿರುಗಾಳಿ ಎದ್ದಿತು. ಗರಿಯ ಚಾವಣಿಗಳೆಲ್ಲ ಹಾರಿಹೋದವು. ಅವಳ ಗುಡಿಸಲೂ ಹೋಯಿತು. ಇಡೀ ಹಗಲು ಅವಳು ಬೋರಲು ಹಾಕಿದ್ದ ಒಂದು ದೋಣಿಯ ಕೆಳಗೆ ಅತ್ತೆಯನ್ನೂ ಮಕ್ಕಳನ್ನೂ ತಬ್ಬಿಕೊಂಡು ಮಲಗಿದಳು. ಅಲೆಯ ನೀರು ದೋಣಿಯ ಅಂಚಿಗೆ ಬಂದು ಬಂದು ಹೋಯಿತು. ಹೊಸ ಮನೆ ಅಲ್ಲಿಂದ ಹತ್ತು ಹೆಜ್ಜೆ. ಮಕ್ಕಳು ಅತ್ತರೂ ಅವಳು ಆ ಕಡೆ ಹೋಗಲಿಲ್ಲ. ಅವರು ಬದುಕಿಕೊಂಡದ್ದು ದೋಣಿಯ ಪುಣ್ಯ, ನಮ್ಮ ಪುಣ್ಯವಲ್ಲ. ಅಂದು ಆ ಊರಿನಲ್ಲಿ ಅಲುಗದೆ ನಿಂತದ್ದು ಅದೊಂದೇ ಮನೆ. ಒಳಗೆ ಒಂದು ಜೀವವೂ ಇರಲಿಲ್ಲ.

ಮಾಸ್ತರ ಇದನ್ನೆಲ್ಲ ಮೇಸ್ತ್ರಿಗೆ ಕಾಗದ ಬರೆದು ತಿಳಿಸಿದ. ಕೊನೆಯಲ್ಲಿ ತಾಯಿಯ ಒಂದು ಮಾತನ್ನೂ ಸೇರಿಸಿದ್ದ. ಹಸಿಯಿದೆ, ತಡಿ ಎಂದು ಮೊದಲೇ ಹೇಳಿದ್ದರೆ ಇಪ್ಪತ್ತೊಂದಲ್ಲ, ಇನ್ನೂರು ದಿನ ಬೇಕಾದರೂ ಕಾಯುತ್ತಿದ್ದೆವು ಎಂದಿದ್ದಳಂತೆ.

ಅಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು. ಎಲೀಷ ಮೆಲ್ಲಗೆ ಕೇಳಿದ: "ಹಾಗಾದರೆ ಮೇಸ್ತ್ರಿಯ ಭಯ ಅವಿಶ್ವಾಸವಾಗಿರಲಿಲ್ಲ, ಅಲ್ಲವೇ ಅಯ್ಯನವರೇ?"

"ಅದು ದೇವರು ಆ ತಾಯಿಗೆಂದು ಅವನ ಕೈಯಲ್ಲಿ ಕೊಟ್ಟು ಕಳಿಸಿದ ಮಾತು, ಅವನು ಅದನ್ನು ತನ್ನ ಭಯ ಎಂದುಕೊಂಡು ತಾನೇ ಇಟ್ಟುಕೊಂಡ," ಎಂದರು ಅಯ್ಯನವರು.