ಘಟ್ಟದ ನಾಯಕನ ನೀರು

ಹೊಳೆ ಕಡಲು ಸೇರುವ ಕಡೆ ಚೆನ್ನರಸನದೊಂದು ಪುಟ್ಟ ಸೀಮೆ. ಸೀಮೆ ಅಂದರೆ ಅರ್ಧ ನೆಲ, ಅರ್ಧ ಕೆಸರು. ಉಬ್ಬರಕ್ಕೆ ಉಪ್ಪುನೀರು ಏರುತ್ತಿತ್ತು, ಮಳೆಗೆ ನೆರೆನೀರು ನುಗ್ಗುತ್ತಿತ್ತು. ಹೊಳೆಯ ದಂಡೆಗುಂಟ ಮಣ್ಣಿನ ಒಡ್ಡು ಹಾಕಿಕೊಂಡು ಜನ ಗಜನಿ ಎನ್ನುವ ಆ ಚೌಳು ಗದ್ದೆಗಳಲ್ಲೇ ಉಪ್ಪು ತಾಳುವ ಕಗ್ಗದ ಭತ್ತ ಬೆಳೆದು ಉಣ್ಣುತ್ತಿದ್ದರು.

ಒಂದು ಆಷಾಢ ಒಡ್ಡು ಒಡೆಯಿತು. ಗದ್ದೆಗಳೆಲ್ಲ ಕೆರೆಯಾದವು. ಇದೇ ಸಮಯ ನೋಡಿ ಘಟ್ಟದ ಮೇಲಿನ ಕೆಂಚನಾಯಕ ದೋಣಿಗಳ ತುಂಬ ಆಳುಗಳನ್ನು ತುಂಬಿಕೊಂಡು ಬಂದಿಳಿದ.

"ಚೆನ್ನರಸರೇ, ಈ ಹೊಳೆ ಹುಟ್ಟೋದು ನನ್ನ ಗುಡ್ಡದಲ್ಲಿ. ಹನಿಹನಿಯೂ ನನ್ನದು. ನನ್ನ ನೀರು ಎಲ್ಲೆಲ್ಲಿ ನಿಂತಿದೆಯೋ ಆ ನೆಲವೂ ನನ್ನದು!"

ಅರಸ ಮೆಲ್ಲಗೆ ಮಂತ್ರಿ ಸಂಕಪ್ಪನ ಮುಖ ನೋಡಿದ. ದೋಣಿಗಳಲ್ಲಿ ಈಟಿಗಳಿದ್ದವು, ಅರಮನೆಯಲ್ಲಿ ಇದ್ದವರು ಕೆಮ್ಮುವ ಕಾವಲುಗಾರರು. ಆದರೂ ಸಂಕಪ್ಪ ನಗುನಗುತ್ತ ನಾಯಕನಿಗೆ ಕೈ ಮುಗಿದ.

"ನ್ಯಾಯವಾದ ಮಾತು, ನಾಯಕರೇ. ಬನ್ನಿ, ಜನರೆದುರು ಒಮ್ಮೆ ಹೇಳಿಬಿಡಿ."

ಒಡ್ಡಿನ ಮೇಲೆ ಊರೇ ನೆರೆದಿತ್ತು. ನಾಯಕ ಎದೆಯುಬ್ಬಿಸಿ ಅದೇ ಮಾತು ಹೇಳಿದ. ಸಂಕಪ್ಪ ಗದ್ದೆ ಮುಳುಗಿಸಿಕೊಂಡಿದ್ದ ಹಮ್ಮಕ್ಕನ ಕಡೆ ತಿರುಗಿದ.

"ಹಮ್ಮಕ್ಕಾ, ನಿನ್ನ ಸಸಿಯೆಲ್ಲ ಯಾರು ತಿಂದರು?"

"ಇನ್ಯಾರು? ಈ ಹಾಳು ನೀರು!"

"ಶ್! ಬೈಬೇಡ. ಯಜಮಾನರು ಇಲ್ಲೇ ನಿಂತಿದ್ದಾರೆ."

ಜನ ಮುಸಿಮುಸಿ ನಕ್ಕರು. ನಾಯಕನ ಮೀಸೆ ಅದುರಿತು. ಸಂಕಪ್ಪ ಇನ್ನಷ್ಟು ವಿನಯದಿಂದ ಬಾಗಿದ.

"ದನ ನುಗ್ಗಿ ಬೇಲಿ ಮುರಿದರೆ ದನದವರೇ ಬೇಲಿ ಕಟ್ಟಿಕೊಡೋದು ನಮ್ಮೂರ ಪದ್ಧತಿ. ತಮ್ಮ ನೀರು ಒಡ್ಡು ಮುರಿದಿದೆ. ಕೈಲಾಗದಿದ್ದರೆ 'ನೀರು ನನ್ನದಲ್ಲ' ಅಂದುಬಿಡಿ. ಬಲವಂತವೇನಿಲ್ಲ."

ಇಷ್ಟು ಜನರೆದುರು ಹಾಗೆನ್ನುವುದು ಹೇಗೆ?

"ನನ್ನ ಕೈಲಾಗದೇ? ಏ, ಇಳೀರೋ ಕೆಳಗೆ!" ಎಂದು ನಾಯಕ ಗುಡುಗಿದ.

ಈಟಿ ಹಿಡಿದ ಕೈಗಳು ಬುಟ್ಟಿ ಹಿಡಿದವು. ಆಳುಗಳು ಸೊಂಟದವರೆಗೆ ಕೆಸರಲ್ಲಿ ಹೂತು ಮಣ್ಣು ಹೊತ್ತರು. ಜಾರಿ ಬಿದ್ದವನೊಬ್ಬನನ್ನು ಎತ್ತಲು ಹೋಗಿ ನಾಯಕನೂ ಜಾರಿದ. ಹಮ್ಮಕ್ಕ ಮರುಗಿ ಎಲ್ಲರಿಗೂ ಗಂಜಿ ಕೊಟ್ಟಳು.

ಒಡ್ಡು ಗಟ್ಟಿಯಾಗುವ ಹೊತ್ತಿಗೆ ಇಳಿತ ಶುರುವಾಗಿ ಹೊಳೆ ತಗ್ಗಿತ್ತು. ಸಂಕಪ್ಪ ತೂಬಿನ ಹಲಗೆ ಎತ್ತಿಸಿದ. ಗದ್ದೆಯ ನೀರೆಲ್ಲ ಗಳಗಳನೆ ಹೊಳೆಗಿಳಿದು ಕಡಲಿನತ್ತ ಓಡಿತು. ಮರಳಿ ಉಬ್ಬರ ಬರುವ ಮೊದಲೇ ಹಲಗೆ ಕೆಳಗಿಳಿಯಿತು. ಮತ್ತೆ ಬಿತ್ತಬಹುದಾದ ನೆಲ ಕಪ್ಪಗೆ ಮಿನುಗುತ್ತಿತ್ತು.

ನಾಯಕ ಗಡ್ಡದ ಕೆಸರು ಒರೆಸಿಕೊಂಡು ಸುತ್ತ ನೋಡಿದ. ಒಂದು ಬೊಗಸೆ ನೀರೂ ನಿಂತಿರಲಿಲ್ಲ.

"ಸಂಕಪ್ಪಾ, ನನ್ನ ನೆಲ ಎಲ್ಲಯ್ಯಾ?"

"ತಮ್ಮ ನೀರಿನ ಜೊತೆಗೇ ಹೋಗಿರಬೇಕು, ನಾಯಕರೇ. ಬೇಗ ದೋಣಿ ಹತ್ತಿದರೆ ಕಡಲಿನ ಹತ್ತಿರ ಸಿಕ್ಕೀತು."